ಫ್ರಾಂಕೆನ್‌ಸ್ಟೈನ್ ತುಣುಕಿನ ಮೇಲೆ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ: 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ತುಣುಕೊಂದನ್ನು ಹಾಕಿದ್ದೇನೆ, ಎಲ್ಲರೂ ನೋಡಿ. ಅಪರಾಧಿಯ ಮಿದುಳನ್ನು ಇಟ್ಟು ಮಾಡಿದ ಮನುಷ್ಯ ರಾಕ್ಷಸನಾಗದೆ ಇನ್ನೇನಾದಾನು? ಹುಟ್ಟಿಸುವ ಕೆಲಸ ದೇವರದು. ಅದಕ್ಕೆ ಕೈಹಾಕಿದ್ದೇ ಆ ವಿಜ್ಞಾನಿಯ ತಪ್ಪು.

ನಾನು: ಚಿಕ್ಕಪ್ಪ, ಆ ಮಿದುಳಿನ ಪ್ರಸಂಗ ಸಿನಿಮಾದ್ದು. ಚಿತ್ರಕ್ಕೆ ಮೂಲವಾದ ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಅದಿಲ್ಲ. ಅದನ್ನು ಸೇರಿಸಿದ್ದರಿಂದ, ಆ ಜೀವಿಯನ್ನು ಹುಟ್ಟಿಸಿದ ವಿಜ್ಞಾನಿ ವಿಕ್ಟರನ ಹೊಣೆಯೆಲ್ಲ ಒಂದು ಕೆಟ್ಟ ಮಿದುಳಿನ ಪಾಲಾಗಿದೆ. ಕಾದಂಬರಿಯಲ್ಲಿ, ಸುಮಾರು ಎರಡು ವರ್ಷ ನಿದ್ರೆ ಆರೋಗ್ಯ ಎಲ್ಲವನ್ನೂ ಬಿಟ್ಟು ದುಡಿದ ವಿಕ್ಟರ್, ನವೆಂಬರಿನ ಒಂದು ರಾತ್ರಿ ಆ ಜೀವಿ ಕಣ್ಣು ತೆರೆದೊಡನೆ ಅವನ ರೂಪಕ್ಕೆ ಹೇಸಿ ಮಲಗುವ ಕೋಣೆಗೆ ಓಡುತ್ತಾನೆ. ಆ ಜೀವಿ ಹಾಸಿಗೆಯ ಪರದೆ ಸರಿಸಿ, ಏನೋ ತೊದಲುತ್ತ ಕೈ ಚಾಚಿದಾಗ ವಿಕ್ಟರ್ ಅಲ್ಲಿಂದಲೂ ತಪ್ಪಿಸಿಕೊಂಡು ಅಂಗಳದಲ್ಲಿ ರಾತ್ರಿ ಕಳೆಯುತ್ತಾನೆ. ಅಷ್ಟರವರೆಗೆ ಆ ಜೀವಿ ಯಾರಿಗೂ ಕೇಡು ಮಾಡಿರಲಿಲ್ಲ. ಮರುದಿನ ಕೋಣೆ ಖಾಲಿಯಾಗಿರುವುದನ್ನು ಕಂಡು ವಿಕ್ಟರ್ ಸಂತೋಷದಿಂದ ಚಪ್ಪಾಳೆ ತಟ್ಟುತ್ತಾನೆ. ತಾನು ಹುಟ್ಟಿಸಿದವನು ಎಲ್ಲಿ ಹೋದ, ಏನು ತಿಂದ ಎಂಬ ಯೋಚನೆಯೇ ಅವನಿಗೆ ಬರುವುದಿಲ್ಲ. ಅವನನ್ನು ಕ್ಷಮಿಸಲು ನನಗೆ ಸಾಧ್ಯವಾಗದಿರುವುದು ಇಲ್ಲಿಂದ.

ಅತ್ತೆ: ವಿಕ್ಟರನ ಪುಟ್ಟ ತಮ್ಮ ವಿಲಿಯಂನ ಕತ್ತು ಹಿಸುಕಿದ್ದು ಆ ಜೀವಿಯೇ ಅಲ್ಲವೇ? ತಿರಸ್ಕಾರ ಉಂಡವರೆಲ್ಲ ಕೊಲೆಗಾರರಾಗುವುದಿಲ್ಲ.

ನಾನು: ಖಂಡಿತ ಇಲ್ಲ, ಅತ್ತೆ. ಕೊನೆಯಲ್ಲಿ ವಿಕ್ಟರನ ಶವದ ಮುಂದೆ ನಿಂತು ಆ ಜೀವಿಯೇ ತನ್ನನ್ನು ಹಳಿದುಕೊಳ್ಳುತ್ತಾನೆ. ಆದರೆ ಅದೇ ಕೊಲೆಯ ಆರೋಪ ಮನೆಯಲ್ಲಿ ಬೆಳೆದ ಜಸ್ಟಿನ್‌ಳ ಮೇಲೆ ಬಂದಾಗ, ಕೊಂದವನು ಯಾರೆಂದು ಮನಸ್ಸಿನಲ್ಲಿ ನಿಶ್ಚಯವಿದ್ದೂ, ಜನ ಹುಚ್ಚನೆಂದಾರು ಎಂಬ ಭಯಕ್ಕೆ ವಿಕ್ಟರ್ ಬಾಯಿ ಬಿಡುವುದಿಲ್ಲ. ಆ ಹುಡುಗಿ ಗಲ್ಲಿಗೇರುತ್ತಾಳೆ. ಜೀವಿಯ ಅಪರಾಧ ಜೀವಿಯದು, ಸರಿ. ಈ ಮೌನ ಯಾರದು?

ಚಿಕ್ಕಪ್ಪ: ಹಾಗಾದರೆ ಆ ಜೀವಿ ತನಗಾಗಿ ಕೇಳಿದ ಹೆಣ್ಣು ಸಂಗಾತಿಯನ್ನೂ ವಿಕ್ಟರ್ ಮಾಡಿಕೊಡಬೇಕಿತ್ತೇ? ಅವರ ಸಂತಾನ ಬೆಳೆದು ಮನುಷ್ಯರ ಮೇಲೆ ಬಿದ್ದಿದ್ದರೆ?

ನಾನು: ಈ ಪ್ರಶ್ನೆಗೆ ಸುಲಭದ ಉತ್ತರ ನನ್ನಲ್ಲಿಲ್ಲ, ಚಿಕ್ಕಪ್ಪ. ವಿಕ್ಟರನ ಭಯ ಸುಳ್ಳಲ್ಲ. ಆದರೆ ದಕ್ಷಿಣ ಅಮೆರಿಕದ ಕಾಡಿಗೆ ಹೋಗಿ ಮನುಷ್ಯರ ಕಣ್ಣಿಗೆ ಬೀಳದೆ ಬದುಕುತ್ತೇನೆಂದು ಬೇಡಿದವನಿಗೆ ಮಾತು ಕೊಟ್ಟು, ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದಲ್ಲಿ ಕೆಲಸ ಅರ್ಧವಾದ ಮೇಲೆ, ಅವನು ಕಿಟಕಿಯಾಚೆ ನಿಂತು ನೋಡುತ್ತಿರುವಾಗಲೇ ಆ ಸಂಗಾತಿಯನ್ನು ಹರಿದು ಚೂರು ಮಾಡಿದ್ದನ್ನು ಹೊಣೆಗಾರಿಕೆ ಎನ್ನಲು ನನಗೆ ಮನಸ್ಸು ಬಾರದು. ಸಂಗಾತಿಯನ್ನು ಕೊಡಲಾಗದಿದ್ದರೆ ತಾನಾದರೂ ಜೊತೆಗೆ ನಿಲ್ಲಬಹುದಿತ್ತು. ಆ ದಾರಿ ಅವನಿಗೆ ಹೊಳೆಯುವುದೇ ಇಲ್ಲ. ಆ ಜೀವಿಯೊಡನೆ ಕರುಣೆಯಿಂದ ಮಾತನಾಡಿದವನು ಕಣ್ಣು ಕಾಣದ ಮುದುಕ ಡಿ ಲೇಸಿ ಮಾತ್ರ, ಅದೂ ಮುದುಕನ ಮಗ ಬಂದು ಜೀವಿಯನ್ನು ಹೊಡೆಯುವವರೆಗೆ. ಸಾಯುವ ಮುನ್ನ ವಿಕ್ಟರ್, ಆ ಜೀವಿಯ ಸುಖವನ್ನು ನೋಡಿಕೊಳ್ಳುವುದು ತನ್ನ ಕರ್ತವ್ಯವಾಗಿತ್ತೆಂದು ಒಪ್ಪುತ್ತಾನೆ, ಆದರೆ ತನ್ನ ನಡತೆಯಲ್ಲಿ ದೂಷಿಸುವಂಥದ್ದೇನೂ ಕಾಣಲಿಲ್ಲ ಎನ್ನುತ್ತಾನೆ. ಆ ಮಾತಿನಲ್ಲಿ ಜಸ್ಟಿನ್‌ಳ ಹೆಸರೂ ಇಲ್ಲ.

ಅತ್ತೆ: ಜಸ್ಟಿನ್‌ಳ ವಿಷಯದಲ್ಲಿ ನಿನ್ನ ಮಾತು ಒಪ್ಪಿದೆ. ವಿಲಿಯಂನ ವಿಷಯದಲ್ಲಿ ನನ್ನ ಮಾತನ್ನು ಬಿಡುವುದಿಲ್ಲ.

ಚಿಕ್ಕಪ್ಪ: ಪುಸ್ತಕ ಕಳಿಸು, ಓದಿ ಉತ್ತರ ಬರೆಯುತ್ತೇನೆ. ಆ ಸಂಗಾತಿಯನ್ನು ಮಾಡದೆ ಬಿಟ್ಟದ್ದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ.