ಮನೆಯಲ್ಲಿರುವಾಗ ಪ್ಯಾಡ್ ಇಲ್ಲದೆ ಮುಟ್ಟಿನ ದಿನ ಕಳೆಯುವವರು ಯಾರಾದ್ರೂ ಇದ್ದೀರಾ?

ಸುರತ್ಕಲ್ ಸೊಸೆ

ವಯಸ್ಸು 36. ಸುರತ್ಕಲ್ ಹತ್ತಿರ ಮನೆ. ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹೊರಗೆ ಹೋಗುವುದು ವಾರಕ್ಕೊಮ್ಮೆ ಮಾರ್ಕೆಟಿಗೆ, ಅಷ್ಟೇ.

ನನ್ನ ತೊಂದರೆ ಪ್ಯಾಡ್‌ನದ್ದು. ನಮ್ಮ ಊರಿನ ಸೆಕೆ ಗೊತ್ತಲ್ಲ, ಕೂತಲ್ಲೇ ಬೆವರು. ಎರಡನೇ ದಿನಕ್ಕೆ ತೊಡೆಸಂದು ಕೆಂಪಾಗುತ್ತದೆ, ಮೂರನೇ ದಿನ ನಡೆದರೆ ಉರಿ. ಬಟ್ಟೆ ಪ್ಯಾಡ್ ತಂದೆ. ಆಟಿ ತಿಂಗಳ ಮಳೆಯಲ್ಲಿ ಅದು ಒಣಗಬೇಕಲ್ಲ ಮಾರಾಯ್ರೆ! ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ, ಹೊಗೆ ವಾಸನೆ ಹಿಡಿಯಿತು. ಮುಟ್ಟಿನ ಕಪ್ ಕೂಡ ಎರಡು ತಿಂಗಳು ನೋಡಿದೆ, ನನ್ನಿಂದ ಆಗಲಿಲ್ಲ. ದಯವಿಟ್ಟು ‘ಇನ್ನೊಮ್ಮೆ ಟ್ರೈ ಮಾಡಿ’ ಅನ್ನಬೇಡಿ.

ಹೋದ ತಿಂಗಳು ಪ್ಯಾಡ್ ಮುಗಿದಿತ್ತು, ಹೊರಗೆ ಜೋರು ಮಳೆ, ಮನೆಯಲ್ಲಿ ನಾನೊಬ್ಬಳೇ. ದಪ್ಪ ನೈಟಿ ಹಾಕಿದೆ. ಒಂದು ಬೈರಾಸು (ಟವೆಲ್) ಮಡಚಿ ಪ್ಲಾಸ್ಟಿಕ್ ಕುರ್ಚಿಗೆ ಹಾಸಿ ಕೆಲಸಕ್ಕೆ ಕೂತೆ. ಬೈರಾಸು ಒದ್ದೆ ಆಯಿತು, ನೈಟಿಯ ಹಿಂದೆಯೂ ಕಲೆ. ಆದರೆ ಉರಿ ಇಲ್ಲ! ಸಂಜೆವರೆಗೆ ಗಾಳಿಯಾಡಿಕೊಂಡು ಇದ್ದೆ.

ಈಗ ಬೇಕಂತಲೇ ಹಾಗೆ ಇರುವ ಯೋಚನೆ, ಮನೆಯಲ್ಲಿರುವ ದಿನ ಮಾತ್ರ. ರಾತ್ರಿ ಹಾಸಿಗೆಗೆ ಎಂತ ಮಾಡುವುದು? ಕಲೆ ಹೋಗುತ್ತದಾ? ಮನೆಯಲ್ಲಿ ಅತ್ತೆ, ಆರು ವರ್ಷದ ಮಗ ಇದ್ದಾರೆ. ಅದಕ್ಕೇ ಸ್ವಲ್ಪ ಅಂಜಿಕೆ.

ಕಾಪು ಕಡಲು

ನಾನು ಎರಡು ವರ್ಷದಿಂದ ಹೀಗೇ ಇದ್ದೇನೆ. ನೀವೊಬ್ಬರೇ ಅಲ್ಲ. 2015ರಲ್ಲಿ ಕಿರಣ್ ಗಾಂಧಿ ಅನ್ನುವ ಡ್ರಮ್ ಕಲಾವಿದೆ ಪ್ಯಾಡ್, ಟ್ಯಾಂಪನ್ ಏನೂ ಇಲ್ಲದೆ ಇಡೀ ಲಂಡನ್ ಮ್ಯಾರಥಾನ್ ಓಡಿದ್ದರು. 42 ಕಿಲೋಮೀಟರ್! ನಮಗೆ ಅಡುಗೆಮನೆಯಿಂದ ಜಗಲಿವರೆಗೆ ಸಾಕು.

ನಿಜವಾದ ಕಷ್ಟ ಕೂತಲ್ಲಿ ಇಲ್ಲ, ಏಳುವಾಗ ಇರುವುದು. ಕೂತಾಗ, ಮಲಗಿದಾಗ ಒಳಗೆ ಸ್ವಲ್ಪ ಸ್ವಲ್ಪ ಸೇರಿಕೊಂಡಿರುತ್ತದೆ. ಎದ್ದ ಕೂಡಲೇ ದಬಕ್ಕನೆ ಬರುತ್ತದೆ. ಹಾಗಾಗಿ ಎದ್ದವರೇ ಬೈರಾಸನ್ನು ಹಾಗೇ ಹಿಡಿದುಕೊಂಡು ಸೀದಾ ಬಚ್ಚಲಿಗೆ ಹೋಗಿ, ಒಂದು ನಿಮಿಷ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಮೊದಲ ಎರಡು ದಿನ ಗಂಟೆಗೊಮ್ಮೆ ಹೋಗಿ ಬರ್ತೇನೆ.

ರಾತ್ರಿಗೆ ಮಗುವಿನ ಹಳೇ ರಬ್ಬರ್ ಶೀಟ್ ಇದ್ದರೆ ತೆಗೀರಿ. ಅದರ ಮೇಲೆ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ. ಬಟ್ಟೆಯನ್ನು ತಣ್ಣೀರಲ್ಲೇ ನೆನೆಸಿ, ಚಿಟಿಕೆ ಉಪ್ಪು ಹಾಕಿ, ಆಮೇಲೆ ಸೋಪು. ಹಂಡೆಯ ಬಿಸಿನೀರು ಮಾತ್ರ ತಾಗಿಸಬೇಡಿ. ಮೊಟ್ಟೆ ಬೆಂದ ಹಾಗೆ ರಕ್ತ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಕಲ್ಲಿಗೆ ಎಷ್ಟು ಬಡಿದರೂ ಹೋಗುವುದಿಲ್ಲ.

ಸಿಟಿಬಸ್ 45

ಥೂ. ಇದನ್ನೆಲ್ಲ ಇಲ್ಲಿ ಬರೀಬೇಕಾ?

ಸುರತ್ಕಲ್ ಸೊಸೆ

ಬೇಕು. ನೀವು ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳಿ.

ಮಣಿಪಾಲ ನೈಟ್ ಶಿಫ್ಟ್

ನಾನು ನರ್ಸ್. ಮನೆಯಲ್ಲಿ ಹೀಗೆ ಇರುವುದರಿಂದ ನಿಮ್ಮ ಆರೋಗ್ಯಕ್ಕೆ ತೊಂದರೆ ಏನಿಲ್ಲ. ಎರಡು ಮಾತು ಮಾತ್ರ ಹೇಳ್ತೇನೆ.

‘ಅಭ್ಯಾಸ ಆದರೆ ಮೂತ್ರದ ಹಾಗೆ ಮುಟ್ಟನ್ನೂ ಹಿಡಿದಿಟ್ಟುಕೊಳ್ಳಬಹುದು’ ಅಂತ ವಿಡಿಯೋಗಳಲ್ಲಿ ಹೇಳುವವರಿದ್ದಾರೆ, ನಂಬಬೇಡಿ. ಗರ್ಭಕೋಶದ ಬಾಯಿಯನ್ನು ನಮಗೆ ಬೇಕಾದಾಗ ಮುಚ್ಚುವ ಸ್ನಾಯು ಇಲ್ಲ. ಬರುವ ಹೊತ್ತು ಗೊತ್ತಾಗಿ ಬಚ್ಚಲಿಗೆ ಓಡಬಹುದು, ಅಷ್ಟೇ.

ಇನ್ನೊಂದು, ಪ್ಯಾಡ್ ಇಲ್ಲದಿದ್ದರೆ ಎಷ್ಟು ಹೋಯಿತು ಅಂತ ಅಂದಾಜು ಸಿಗುವುದಿಲ್ಲ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವುದು 30–40 ಮಿಲಿ ರಕ್ತ, ಎರಡು ಮೂರು ದೊಡ್ಡ ಚಮಚದಷ್ಟು. ನೆಲದ ಮೇಲೆ ಬಿದ್ದರೆ ಅದೇ ಒಂದು ಚೆಂಬು ಅನ್ನಿಸುತ್ತದೆ! 80 ಮಿಲಿ ದಾಟಿದರೆ ಜಾಸ್ತಿ ಅಂತ ಲೆಕ್ಕ. 5 ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ನೋಡಿಸಿ.

ಬಸ್ಸಲ್ಲಿ, ಮದುವೆ ಹಾಲಲ್ಲಿ ಬೇಡ. ನಾಚಿಕೆಯ ಮಾತಲ್ಲ ಇದು. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ಸೀಟು ಒರೆಸುವವರೂ ಮನುಷ್ಯರೇ ಅಲ್ವಾ.

ಉಡುಪಿ ದೊಡ್ಡಮ್ಮ

ಮಗಾ, ನನಗೆ 68. ನಮ್ಮ ಕಾಲದಲ್ಲಿ ಹಳೇ ಸೀರೆ ತುಂಡು, ಹೊರಗೆ ಮೂಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ. ಅದು ನಾವು ಆರಿಸಿಕೊಂಡದ್ದಲ್ಲ. ನೀನು ನಿನ್ನ ಇಷ್ಟಕ್ಕೆ ಕುರ್ಚಿಯಲ್ಲಿ ಕೂತು ಲೆಕ್ಕ ಬರೀತಿದ್ದಿ, ಕೂತ್ಕೋ.

ನಮ್ಮ ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಭೂಮಿತಾಯಿ ಮುಟ್ಟಾದಳು ಅಂತ ಮೂರು ದಿನ ಯಾರೂ ಹಾರೆ ಗುದ್ದಲಿ ಹಿಡಿಯುವುದಿಲ್ಲ. ಅವಳಿಗೆ ಎಣ್ಣೆ, ಅರಿಶಿನ, ಕುಂಕುಮ ಎಲ್ಲ ಇಡುತ್ತೇವೆ. ಅವಳಿಗೆ ಯಾರಾದರೂ ಪ್ಯಾಡ್ ಕೊಟ್ಟಿದ್ದಾರಾ? ಸೊಸೆಗೆ ಮುಟ್ಟಾದರೆ ಮಾತ್ರ ಮುಖ ಸಿಂಡರಿಸುವುದು. ನನ್ನ ಅತ್ತೆಗೆ ಇದನ್ನು ಹೇಳಬೇಕು ಅಂತಿದ್ದೆ, ಧೈರ್ಯ ಬರುವಷ್ಟರಲ್ಲಿ ಅವರು ಹೋಗಿಬಿಟ್ಟರು.

ಸುರತ್ಕಲ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಈ ತಿಂಗಳು ಮಾಡಿ ನೋಡಿದೆ. ಮೊದಲ ಎರಡು ದಿನ ರಾತ್ರಿ ರಬ್ಬರ್ ಶೀಟ್, ಹಗಲು ಬೈರಾಸು. ಮೂರನೇ ದಿನ ಮಗನ ಶಾಲೆಗೆ ಹೋಗಬೇಕಿತ್ತು, ಪ್ಯಾಡ್ ಹಾಕಿಯೇ ಹೋದೆ. ಎರಡು ಗಂಟೆ ತಾನೇ, ಉರಿ ಬರಲಿಲ್ಲ.

ಒಂದು ಪಜೀತಿ ಆಯಿತು. ನಮ್ಮದು ರೆಡ್‌ಆಕ್ಸೈಡ್ ನೆಲ. ಕುರ್ಚಿಯಿಂದ ಎದ್ದು ಬಚ್ಚಲಿಗೆ ಹೋಗುವಾಗ ಎರಡು ಹನಿ ಬಿದ್ದದ್ದು ಗೊತ್ತೇ ಆಗಲಿಲ್ಲ, ಕೆಂಪಿನ ಮೇಲೆ ಕೆಂಪು. ಒಣಗಿ ಕಪ್ಪಾದ ಮೇಲೆ ಮಗ ನೋಡಿದ. ‘ಪುನರ್ಪುಳಿ ಶರಬತ್ತು ಚೆಲ್ಲಿದ್ದಾ ಅಮ್ಮಾ?’ ಅಲ್ಲ, ಅಮ್ಮನ ರಕ್ತ, ತಿಂಗಳಿಗೊಮ್ಮೆ ಬರ್ತದೆ, ಗಾಯ ಏನಿಲ್ಲ ಅಂದೆ. ‘ಹಾಂ’ ಅಂತ ಹೇಳಿ ನೆಲ ಒರೆಸುವ ಬಟ್ಟೆ ತಂದುಕೊಟ್ಟು ಆಡಲಿಕ್ಕೆ ಹೋದ.

ಅತ್ತೆ ತಂತಿಯ ಮೇಲೆ ಒಣಗುತ್ತಿದ್ದದ್ದನ್ನು ತುಂಬಾ ಹೊತ್ತು ನೋಡಿದರು. ಶುರುವಾಯ್ತು ಅಂದುಕೊಂಡೆ. ಕೊನೆಗೆ ಕೇಳಿದ್ದು ಇಷ್ಟೇ: ‘ಆ ನೀಲಿ ಗೆರೆಯ ಬೈರಾಸು ನನ್ನದಲ್ವಾ?’

ಅವರದ್ದೇ. ಈಗ ನನಗೆ ಅಂತ ಎರಡು ತಂದಿದ್ದೇನೆ, ಕಡುಗೆಂಪಿನದ್ದು.