ಸೂಪರ್ ಗ್ಲೂನಿಂದ ಬೆರಳುಗಳು ಅಂಟಿಕೊಂಡಿವೆ, ಚರ್ಮ ಕಿತ್ತುಬರದಂತೆ ಬಿಡಿಸುವುದು ಹೇಗೆ?

ಪ್ರಶ್ನೆ

ಮುರಿದ ಪಿಂಗಾಣಿ ಬಟ್ಟಲಿನ ಹಿಡಿಕೆಯನ್ನು ಜೋಡಿಸುವಾಗ ಟ್ಯೂಬನ್ನು ಸ್ವಲ್ಪ ಜೋರಾಗಿ ಒತ್ತಿದ್ದರಿಂದ ನನ್ನ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ. ಅರ್ಧ ಗಂಟೆಯಾಯಿತು. ಒಮ್ಮೆ ಎಳೆದು ನೋಡಿದೆ, ಚರ್ಮ ಬಿಳಿಚಿಕೊಂಡು ಉರಿಯತೊಡಗಿದ್ದರಿಂದ ಹೆದರಿ ನಿಲ್ಲಿಸಿದೆ. ಅಂಗೈಯ ಮೇಲೂ ಕಾಸಿನಗಲದಷ್ಟು ಅಂಟು ಹರಡಿ, ಒಣಗಿ, ಗಾಜಿನಂತೆ ಗಟ್ಟಿಯಾಗಿದೆ. ನೇಲ್ ಪಾಲಿಶ್ ರಿಮೂವರ್ ಮನೆಯಲ್ಲಿದೆ, ಆದರೆ ತೋರುಬೆರಳಿನ ಉಗುರಿನ ಬುಡದಲ್ಲಿ ಎರಡು ದಿನಗಳ ಹಿಂದಿನ ಸೀಳುಗಾಯ ಇನ್ನೂ ಮಾಗಿಲ್ಲ. ಅದನ್ನು ಬಳಸಬಹುದೇ? ಬ್ಲೇಡನ್ನು ನಡುವೆ ತೂರಿಸಿ ಬಿಡಿಸೋಣ ಎಂದು ಮನೆಯವರು ಹೇಳುತ್ತಿದ್ದಾರೆ, ನನಗೆ ಧೈರ್ಯ ಸಾಲುತ್ತಿಲ್ಲ.

ಉತ್ತರ 1

ಬ್ಲೇಡು ಖಂಡಿತ ಬೇಡ, ಎಳೆಯುವುದೂ ಬೇಡ. ಸೂಪರ್ ಗ್ಲೂ ಎಂದರೆ ಸಯನೋಅಕ್ರಿಲೇಟ್. ಗಾಳಿಯಲ್ಲಿರುವ ಮತ್ತು ಚರ್ಮದ ಮೇಲಿರುವ ತೇವ ತಗುಲಿದ ಕೂಡಲೇ ಅದು ಗಟ್ಟಿಯಾಗುತ್ತದೆ, ಸದಾ ಸ್ವಲ್ಪ ಬೆವರುವ ಬೆರಳ ತುದಿಗಳು ಅಷ್ಟು ಬೇಗ ಅಂಟಿಕೊಳ್ಳುವುದು ಇದೇ ಕಾರಣಕ್ಕೆ. ನೇರವಾಗಿ ಎಳೆದರೆ ಈ ಅಂಟು ಬಹಳ ಬಿಗಿ, ಒಂದು ಅಂಚಿನಿಂದ ಸುಲಿಯುತ್ತ ಹೋದರೆ ಮಾತ್ರ ದುರ್ಬಲ. ನಿಮ್ಮ ಕೆಲಸವೆಲ್ಲ ಈ ದೌರ್ಬಲ್ಯವನ್ನು ನೆಚ್ಚಿಕೊಂಡೇ ನಡೆಯಬೇಕು.

ಒಂದು ಪಾತ್ರೆಯಲ್ಲಿ ಕೈ ತಾಳುವಷ್ಟು ಬಿಸಿಯಾದ ನೀರಿಗೆ ಸೋಪು ಕದಡಿ, ಬೆರಳುಗಳನ್ನು ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ತೇವದಿಂದಲೇ ಗಟ್ಟಿಯಾಗುವ ಅಂಟಿಗೆ ನೀರು ಏನು ಮಾಡೀತು ಎಂದು ನಿಮಗೆ ಅನ್ನಿಸಬಹುದು. ನೀರು ಅಂಟನ್ನು ಕರಗಿಸುವುದಿಲ್ಲ, ಅಂಟು ಹಿಡಿದುಕೊಂಡಿರುವ ಚರ್ಮದ ಹೊರಪದರವನ್ನು ನೆನೆಸಿ ಮೆತ್ತಗಾಗಿಸುತ್ತದೆ, ಆಗ ಹಿಡಿತ ತಾನಾಗಿ ಸಡಿಲುತ್ತದೆ. ಆಮೇಲೆ ಎರಡು ಬೆರಳುಗಳನ್ನು ಪೆನ್ಸಿಲ್ ಹೊರಳಿಸುವಂತೆ ಒಂದರ ಮೇಲೊಂದು ನಿಧಾನವಾಗಿ ಹೊರಳಿಸಿ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಕಾಣಿಸಿದರೆ ಅಲ್ಲಿಗೆ ಒಂದು ಹನಿ ಅಡುಗೆ ಎಣ್ಣೆ ಬಿಟ್ಟು, ಚಮಚದ ಹಿಡಿಯಂತಹ ಮೊಂಡಾದ ವಸ್ತುವನ್ನು ಮೆಲ್ಲಗೆ ಒಳಗೆ ಸರಿಸುತ್ತ ಹೋಗಿ. ನೋವಾದ ಕೂಡಲೇ ನಿಲ್ಲಿಸಿ ಮತ್ತೆ ನೆನೆಸಿ. ಮೂರು ನಾಲ್ಕು ಸುತ್ತು ಬೇಕಾದರೂ ಆತಂಕಪಡಬೇಡಿ.

ಇನ್ನು ರಿಮೂವರ್ ವಿಷಯ. ಅದರಲ್ಲಿ ಅಸಿಟೋನ್ ಇದ್ದರೆ ಮಾತ್ರ ಈ ಅಂಟು ಮೆತ್ತಗಾಗುತ್ತದೆ, ಅಸಿಟೋನ್ ಇಲ್ಲವೆಂದು ಬಾಟಲಿಯ ಮೇಲೆ ಬರೆದಿರುವವು ಇಲ್ಲಿ ಕೆಲಸಕ್ಕೆ ಬಾರವು. ಆದರೆ ಗಾಯವಿರುವ ಬೆರಳಿಗೆ ಅದನ್ನು ಮುಟ್ಟಿಸಬೇಡಿ. ಅಂಗೈಯ ಕಲೆಗೆ, ಅಲ್ಲಿ ಚರ್ಮ ಸರಿಯಾಗಿದ್ದರೆ, ಸ್ವಲ್ಪ ಹಚ್ಚಬಹುದು. ಹಚ್ಚುವಾಗ ಕಿಟಕಿ ತೆರೆದಿರಲಿ, ಒಲೆ, ದೀಪ ಯಾವುದೂ ಹತ್ತಿರ ಇರದಿರಲಿ, ಏಕೆಂದರೆ ಅದರ ಆವಿಗೆ ಬಹಳ ಸುಲಭವಾಗಿ ಬೆಂಕಿ ಹತ್ತುತ್ತದೆ. ಕೂಡಲೇ ಸೋಪಿನಿಂದ ತೊಳೆದು ಎಣ್ಣೆಯನ್ನೋ ಕ್ರೀಮನ್ನೋ ಸವರಿ, ಅಸಿಟೋನ್ ಚರ್ಮದ ಜಿಡ್ಡನ್ನೆಲ್ಲ ಹೀರಿಬಿಡುತ್ತದೆ.

ಉತ್ತರ 2

ಮೇಲಿನದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಇನ್ನೂ ಒಣಗದ ಸೂಪರ್ ಗ್ಲೂವನ್ನು ಹತ್ತಿಯಿಂದಾಗಲಿ, ಹತ್ತಿ ಅಥವಾ ಉಣ್ಣೆಯ ಬಟ್ಟೆಯಿಂದಾಗಲಿ ಒರೆಸಲು ಹೋಗಬೇಡಿ. ಅಂತಹ ನೂಲಿನ ಮೇಲೆ ಅಂಟು ಒಮ್ಮೆಲೇ ಗಟ್ಟಿಯಾಗಿ ಸುಡುವಷ್ಟು ಶಾಖ ಬರುತ್ತದೆ. ನನ್ನ ಹತ್ತಿ ಪ್ಯಾಂಟಿನ ಮೇಲೆ ಅರ್ಧ ಟ್ಯೂಬು ಚೆಲ್ಲಿದಾಗ ಸಣ್ಣಗೆ ಹೊಗೆ ಎದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಪ್ಯಾಂಟು ಕಳಚುವಷ್ಟರಲ್ಲಿ ತೊಡೆಯ ಮೇಲೆ ಬೊಬ್ಬೆ ಎದ್ದಿತ್ತು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಎರಡನೆಯ ಸುತ್ತಿಗೆ ಉಗುರಿನ ಕಡೆಯ ಅಂಚು ಬಿಟ್ಟಿತು, ಮೂರನೆಯ ಸುತ್ತಿಗೆ ಬೆರಳುಗಳು ಬೇರೆಯಾದವು, ರಕ್ತ ಬರಲಿಲ್ಲ. ಎರಡೂ ತುದಿಗಳಲ್ಲಿ ಒರಟಾದ ಬಿಳಿ ಪೊರೆ ಉಳಿದಿದೆ. ಇನ್ನೊಂದು ಸಂದೇಹ: ಆಸ್ಪತ್ರೆಗಳಲ್ಲಿ ಗಾಯವನ್ನು ಇದೇ ಅಂಟಿನಿಂದ ಮುಚ್ಚುತ್ತಾರಂತೆ, ಹಾಗಾದರೆ ನನ್ನ ಸೀಳುಗಾಯದ ಮೇಲೆ ಬಿದ್ದಿರುವ ಅಂಟನ್ನು ಹಾಗೆಯೇ ಬಿಡಬಹುದೇ?

ಉತ್ತರ 3

ನಾನು ನರ್ಸ್ ಆಗಿ ಕೆಲಸ ಮಾಡುವವಳು, ಆದ್ದರಿಂದ ಈ ಸಂದೇಹವನ್ನು ಹಗುರವಾಗಿ ಬಿಡಲಾರೆ. ಆಸ್ಪತ್ರೆಯಲ್ಲಿ ಬಳಸುವುದು ಅದೇ ಕುಟುಂಬದ ಬೇರೆ ಅಂಟು. ಆಕ್ಟೈಲ್ ಸಯನೋಅಕ್ರಿಲೇಟ್ ಎಂಬ ಆ ಬಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಮನೆಯ ಟ್ಯೂಬಿನಲ್ಲಿರುವುದು ಸಾಮಾನ್ಯವಾಗಿ ಈಥೈಲ್ ಬಗೆಯದು. ಅದು ಗಟ್ಟಿಯಾಗುವಾಗ ಹೆಚ್ಚು ಬಿಸಿಯಾಗುತ್ತದೆ, ಹಸಿ ಗಾಯವನ್ನು ಕೆರಳಿಸುತ್ತದೆ, ಕ್ರಿಮಿರಹಿತವೂ ಅಲ್ಲ. ಬಿದ್ದಿರುವುದನ್ನು ಕೆರೆಯಬೇಡಿ, ಅದು ತಾನಾಗಿ ಉದುರಲಿ. ಆದರೆ ಸುತ್ತಲೂ ಕೆಂಪಾಗಿ ಊದಿಕೊಂಡರೆ, ಕೀವು ಕಂಡರೆ ಅಥವಾ ನೋವು ಏರುತ್ತ ಹೋದರೆ ವೈದ್ಯರಿಗೆ ತೋರಿಸಿ.

ಇದನ್ನು ಓದುವ ಬೇರೆಯವರಿಗಾಗಿ ಕಣ್ಣಿನ ಮಾತನ್ನೂ ಹೇಳಿಬಿಡುತ್ತೇನೆ. ಅಂಟಿನ ಟ್ಯೂಬನ್ನು ಕಣ್ಣಿನ ಔಷಧವೆಂದು ತಪ್ಪಾಗಿ ತಿಳಿದು ಹಾಕಿಕೊಳ್ಳುವುದುಂಟು, ಹಾಗಾಗಿ ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಡಲೇಬೇಡಿ. ರೆಪ್ಪೆಗಳು ಅಂಟಿದರೆ ಬಲವಂತವಾಗಿ ತೆರೆಯಬಾರದು, ಅಸಿಟೋನನ್ನು ಕಣ್ಣಿನ ಹತ್ತಿರಕ್ಕೂ ತರಬಾರದು. ಉಗುರುಬೆಚ್ಚಗಿನ ನೀರಿನಿಂದ ಚೆನ್ನಾಗಿ ತೊಳೆದು, ಒದ್ದೆ ಗಾಜ್ ಬಟ್ಟೆ ಮುಚ್ಚಿ, ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ತುಟಿಗಳು ಅಂಟಿಕೊಂಡರೆ ಹೊರಗಿನಿಂದ ಬೆಚ್ಚಗಿನ ನೀರು ತಾಗಿಸುತ್ತ, ಒಳಗಿನಿಂದ ಎಂಜಲು ತಾಗುವಂತೆ ನಾಲಿಗೆಯಿಂದ ಒತ್ತುತ್ತ ಕಾಯಬೇಕು. ಮಕ್ಕಳಾದರೆ ಬಾಯಲ್ಲಿ ಗಟ್ಟಿಯಾದ ಅಂಟಿನ ಚೂರು ಗಂಟಲಿಗೆ ಸಿಕ್ಕದಂತೆ ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ.

ಉತ್ತರ 4

ಇಲ್ಲಿ ಹೇಳಿದ್ದೆಲ್ಲ ಸೂಪರ್ ಗ್ಲೂಗೆ ಮಾತ್ರ ಅನ್ವಯಿಸುತ್ತದೆ. ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಕೈಗೆ ತಾಗಿದರೆ, ಗಟ್ಟಿಯಾಗುವ ಮೊದಲೇ ಒಣಬಟ್ಟೆಯಿಂದ ಒರೆಸಿ ಸೋಪು ನೀರಿನಿಂದ ತೊಳೆಯಬೇಕು. ಅದಕ್ಕೆ ಅಸಿಟೋನ್ ಬಳಸುವುದು ಸರಿಯಲ್ಲ, ಏಕೆಂದರೆ ಒಣಗಿದ ಚರ್ಮದೊಳಕ್ಕೆ ರೆಸಿನ್ ಇನ್ನಷ್ಟು ಇಳಿಯಬಹುದು, ಮತ್ತೆ ಮತ್ತೆ ತಾಗಿದವರಲ್ಲಿ ತುರಿಕೆಯ ಅಲರ್ಜಿ ಒಮ್ಮೆ ಹತ್ತಿದರೆ ಸುಲಭವಾಗಿ ಬಿಡುವುದಿಲ್ಲ. ಸಂದಿಗಳಿಗೆ ತುಂಬುವ ಪಾಲಿಯುರೆಥೇನ್ ಫೋಮ್ ನೀರು ಬಿದ್ದರೆ ಇನ್ನೂ ಬೇಗ ಬಿಗಿಯುತ್ತದೆ, ಆದ್ದರಿಂದ ಮೊದಲು ಒಣಗಿದ ಬಟ್ಟೆ, ಆಮೇಲಷ್ಟೇ ಉಳಿದದ್ದು. ಪೂರ್ತಿ ಗಟ್ಟಿಯಾದ ಮೇಲೆ ಅದು ಯಾವ ದ್ರಾವಣಕ್ಕೂ ಜಗ್ಗದು, ದಿನವೂ ಎಣ್ಣೆ ಹಚ್ಚಿ ಮೃದುವಾಗಿ ಉಜ್ಜುತ್ತ ಚರ್ಮ ಸವೆಯುವವರೆಗೆ ಕಾಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಮೂರನೆಯ ದಿನ ಬರೆಯುತ್ತಿದ್ದೇನೆ. ಗಾಯ ಕೆಂಪಾಗಿಲ್ಲ. ಅಂಗೈಗೆ ಏನನ್ನೂ ಹಚ್ಚದೆ ಬಿಟ್ಟಿದ್ದೆ, ಇಂದು ಸ್ನಾನವಾದ ಮೇಲೆ ಅಲ್ಲಿಯ ಅಂಟು ಒಂದೇ ಪೊರೆಯಾಗಿ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದರೆ ನನ್ನ ಅಂಗೈಯ ಸಣ್ಣ ಸಣ್ಣ ಗೆರೆಗಳೆಲ್ಲ ಅದರ ಮೇಲೆ ಅಚ್ಚೊತ್ತಿದ್ದವು.