ಲಿಕ್ವಿಡ್ ಸೋಪಿಗೆ ಗ್ಲಿಸರಿನ್ ಎಷ್ಟು ಹಾಕ್ಬೇಕು ಮಾರಾಯ್ರೆ?

ಡೊಂಬಿವಲಿ_ಅಕ್ಕ:
ಊರಿಂದ ತಂದ ತೆಂಗಿನೆಣ್ಣೆ ಸುಮಾರು ಉಳಿದಿತ್ತು, ಕೈ ತೊಳೆಯುವ ಸೋಪು ಮಾಡುವ ಅಂತ ಹೊರಟೆ. ಎಣ್ಣೆ 500 ಗ್ರಾಂ, ಎಣ್ಣೆಯನ್ನ ಸೋಪು ಮಾಡುವ ಕ್ಷಾರ ಕಾಸ್ಟಿಕ್ ಪೊಟ್ಯಾಶ್ 140 ಗ್ರಾಂ, ಪ್ಯಾಕೆಟಲ್ಲಿ 90 ಪರ್ಸೆಂಟ್ ಶುದ್ಧ ಅಂತ ಉಂಟು. ಪೇಸ್ಟ್ ಚಂದ ಬಂತು, ನೀರಲ್ಲಿ ಕರಗಿಸಿ ಎರಡು ಲೀಟರ್ ಮಾಡಿದ್ರೆ ಗಂಜಿತಿಳಿಯ ಹಾಗೆ ನೀರು ನೀರು, ತೊಳೆದ್ರೆ ಕೈ ಬೇರೆ ಒಣಗಿ ಬೆಳ್ಳಗೆ ಆಗ್ತದೆ. ಗ್ಲಿಸರಿನ್ ಹಾಕಿ ದಪ್ಪ ಆಗ್ತದೆ ಅಂತ ಪಕ್ಕದ ಬಿಲ್ಡಿಂಗಿನವ್ರು ಹೇಳಿದ್ರು, ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿಂದ ಅರ್ಧ ಕಿಲೋ ಬಾಟ್ಲಿ ತಂದು ಪೂರ್ತಿ ಸುರಿದೆ. ಈಗ ದಪ್ಪವೂ ಇಲ್ಲ ನೊರೆಯೂ ಇಲ್ಲ, ಕೈಯೆಲ್ಲ ಅಂಟು ಅಂಟು. ಇನ್ನೂ ಹಾಕ್ಬೇಕಾ?

ಪುಣೆ_ಹುಬ್ಬಳ್ಳಿ:
ಅಕ್ಕಾರ, ಇನ್ನ ಒಂದ್ ಹನಿ ಹಾಕಬ್ಯಾಡ್ರಿ! ಗ್ಲಿಸರಿನ್ ತಾನು ಮಂದ ಐತಿ ಖರೆ, ಸೋಪ್ ಮಂದ ಮಾಡೂದಿಲ್ಲ. ನಿಮ್ಮ ಸೋಪಿನ್ಯಾಗ ಅದು ಮೊದಲ ಐತ್ರಿ, ಎಣ್ಣಿ ಪೊಟ್ಯಾಶ್ ಕೂಡಿದ್ರ ಸೋಪಿನ ಜೋಡಿ ಅದೂ ಹುಟ್ಟತೈತಿ, 500 ಗ್ರಾಂ ಕೊಬ್ರಿ ಎಣ್ಣಿಗೆ ಹತ್ರ ಹತ್ರ 70 ಗ್ರಾಂ. ದೊಡ್ಡ ಫ್ಯಾಕ್ಟರಿಯವ್ರು ತಗದು ಬ್ಯಾರೆ ಮಾರ್ತಾರ, ಮನ್ಯಾಗ ಮಾಡಿದ್ದರಾಗ ಅಲ್ಲೇ ಉಳೀತೈತಿ. ನಾ ಅಂತೂ ಲೀಟರಿಗೆ ಎರಡ್ಮೂರು ಚಮಚ ದಾಟೂದಿಲ್ಲ. ಕೈ ಒಣಗೂದು ಬರೇ ಕೊಬ್ರಿ ಎಣ್ಣಿ ಹಾಕಿದ್ದಕ್ಕ. ಮುಂದಿನ ಸಲ 300 ಕೊಬ್ರಿ 200 ಸೂರ್ಯಕಾಂತಿ ಹಾಕ್ರಿ, ಆದ್ರ ಅದಕ್ಕೂ 140 ಪೊಟ್ಯಾಶ್ ಹಾಕಿಗೀಕೀರಿ ಮತ್ತ, 125 ಸಾಕು, ಒಂದೊಂದು ಎಣ್ಣಿಗೆ ಒಂದೊಂದು ಲೆಕ್ಕ. ಉಪ್ಪುನೀರು ಹಾಕಿ ಮಂದ ಮಾಡೂದು ಕೊಬ್ರಿ ಸೋಪಿಗೆ ನಡಿಯೂದಿಲ್ಲ. ಕರಗಸಾಕ ಡಿಸ್ಟಿಲ್ಡ್ ವಾಟರ್ ತಗೋರಿ, ನಮ್ಮ ಸೊಸೈಟಿ ಟ್ಯಾಂಕರಿನ ಗಡಸು ನೀರಿಗೆ ನಂದು ಮಜ್ಜಿಗಿ ಆಗಿತ್ತು.

ಮಡಗಾಂವ್_ಮನೆ:
ಗ್ಲಿಸರಿನ್ ಕೆಲ್ಸ ಕೊನೇಲಲ್ಲ, ಶುರೂನಲ್ಲಿ. ಪೊಟ್ಯಾಶ್ ನೀರಲ್ಲಿ ಕರಗಿದ್ಮೇಲೆ ಸ್ವಲ್ಪ ಗ್ಲಿಸರಿನ್ ಸೇರಿಸಿ ಎಣ್ಣೆಗೆ ಹಾಕಿದ್ರೆ ಗಂಟೆಗಟ್ಲೆ ತಿರುಗಿಸೋದು ತಪ್ಪುತ್ತೆ, ಪೇಸ್ಟ್ ಬೇಗ ಕಟ್ಟುತ್ತೆ. ವಿಡಿಯೋಗಳಲ್ಲಿ ಗ್ಯಾಸ್ ಮೇಲೆ ಕಾದ ಗ್ಲಿಸರಿನ್ನಿಗೇ ಪೊಟ್ಯಾಶ್ ಹಾಕ್ತಾರಲ್ಲ, ಅದು ಬೇಡ್ವೇ ಬೇಡ, ಗ್ಲಿಸರಿನ್ ಅತಿಯಾಗಿ ಕಾದ್ರೆ ಬರೋ ಹೊಗೆ ಕಣ್ಣು ಗಂಟಲು ಉರಿಸುತ್ತೆ, ವಿಷ ಅದು. ಪಾತ್ರೆ ಸ್ಟೀಲೇ ಇರ್ಲಿ. ನಾನು ಮೊದಲ ಸಲ ಅತ್ತೆಯವರ ಅಲ್ಯೂಮಿನಿಯಂ ಡಬರಿಲಿ ಪೊಟ್ಯಾಶ್ ನೀರು ಕಲಸಿಬಿಟ್ಟೆ, ಬುಸಬುಸ ಅಂತ ಉಕ್ಕಿ ತಳ ಕಪ್ಪಾಗೋಯ್ತು, ಡಬರಿ ವಿಷಯ ಇವತ್ತಿಗೂ ಮನೇಲಿ ಎತ್ತೋ ಹಾಗಿಲ್ಲ. ನಿಮ್ಮ ತೆಳು ಸೋಪನ್ನ ನೊರೆ ಪಂಪ್ ಇರೋ ಬಾಟ್ಲಿಗೆ ತುಂಬಿ ನೋಡಿ, ಆ ಪಂಪಿಗೆ ತೆಳುವೇ ಬೇಕು.

ಡೊಂಬಿವಲಿ_ಅಕ್ಕ:
ಖಾಲಿಯಾದ ಫೇಸ್‌ವಾಶ್ ನೊರೆ ಪಂಪ್ ಬಾಟ್ಲಿ ಒಂದು ಇತ್ತು, ಅದಕ್ಕೆ ಹಾಕಿದೆ, ನೊರೆ ಬಂತು ಮಾರಾಯ್ರೆ! ಅಂಟು ಮಾತ್ರ ಹೋಗ್ಲಿಲ್ಲ. ಗ್ಲಿಸರಿನ್ ಇಲ್ಲದ ಬ್ಯಾಚ್ ಒಂದು ಮಾಡಿ ಇದನ್ನ ಅದಕ್ಕೆ ಸ್ವಲ್ಪ ಸ್ವಲ್ಪ ಬೆರೆಸ್ತೇನೆ, 300-200ರ ಲೆಕ್ಕದಲ್ಲೇ.